ದಾಸೋಹದ ಅಳತೆ

 

ದಾರಿದ್ರ್ಯ, ರೋಗ, ಅವಿದ್ಯೆ ಎಂಬ ಮೂರು ಕೇಡುಗಳನ್ನು ನೀಗಬೇಕೆಂದು ಲೋಕದ ರಾಷ್ಟ್ರಗಳೆಲ್ಲವೂ ಕೂಡಿ ಒಂದು ಸಂಕಲ್ಪವನ್ನು ಮಾಡಿವೆ. ಆ ಸಂಕಲ್ಪದ ದಾರಿಯಲ್ಲಿ ಕನ್ನಡನಾಡು ಎಷ್ಟು ದೂರ ನಡೆದಿದೆ, ಎಲ್ಲಿ ತಡೆದು ನಿಂತಿದೆ ಎಂಬುದೇ ಈ ಉಪನ್ಯಾಸದ ವಿಷಯವು. ಮಠದ ಮಹೋತ್ಸವದಲ್ಲಿ ಇಂತಹ ಲೌಕಿಕ ವಿಚಾರವೇತಕ್ಕೆಂದು ಕೆಲವರಿಗೆ ತೋರಬಹುದು. ಆದರೆ ಶಾಲೆಯ ಮಕ್ಕಳಿಗೆ ಮಧ್ಯಾಹ್ನ ಬಡಿಸುವ ಅನ್ನಕ್ಕೆ ಹೆಸರಿಡಬೇಕಾಗಿ ಬಂದಾಗ ಕರ್ನಾಟಕ ಸರ್ಕಾರವು ಬೇರೆಲ್ಲಿಯೂ ಹುಡುಕದೆ ಶರಣರ ಮನೆಯ ಮಾತೊಂದನ್ನು ಎರವಲಾಗಿ ತೆಗೆದುಕೊಂಡು ‘ಅಕ್ಷರ ದಾಸೋಹ’ ಎಂದು ಕರೆಯಿತು. ಎರವಲು ಕೊಟ್ಟ ವಸ್ತು ಹೇಗೆ ಬಳಕೆಯಾಗುತ್ತಿದೆಯೆಂದು ವಿಚಾರಿಸುವ ಹಕ್ಕೂ ಹೊಣೆಯೂ ಕೊಟ್ಟವರಿಗೆ ಇದ್ದೇ ಇರುತ್ತವೆ.

ದಾಸಃ, ಅಹಂ ಎಂಬ ಎರಡು ಪದಗಳು ಸಂಧಿಗೊಂಡು ದಾಸೋಹಂ ಎಂದಾಗುವುದನ್ನು ಪಾಠಶಾಲೆಯ ಕಿರಿಯ ವಿದ್ಯಾರ್ಥಿಯೂ ಬಲ್ಲನು. ‘ಅವನೇ ನಾನು’ ಎನ್ನುವ ಸೋಹಂಭಾವಕ್ಕಿಂತ ‘ನಾನು ದಾಸನು’ ಎನ್ನುವ ಭಾವವು ಹಿರಿದೆಂದು ಬಸವಾದಿ ಪ್ರಮಥರು ಎಣಿಸಿದರು. ಈ ಭಾವದಲ್ಲಿ ಬಡಿಸುವವನು ಸೇವಕನು, ಉಣ್ಣುವವನು ಒಡೆಯನು. ಆದಕಾರಣ ಇಂದು ಎಷ್ಟು ಎಲೆ ಹಾಕಿತು, ಎಷ್ಟು ಮೂಟೆ ಅಕ್ಕಿ ಬೆಂದಿತು ಎಂದು ಎಣಿಸಿದ ಮಾತ್ರಕ್ಕೆ ದಾಸೋಹದ ಲೆಕ್ಕವು ಮುಗಿಯುವುದಿಲ್ಲ. ಉಂಡವನ ಒಡಲಿಗೆ ಬೇಕಾದುದು ದೊರೆಯಿತೇ ಎಂಬುದನ್ನು ಕೇಳಿದ ಮೇಲೆಯೇ ಆ ಲೆಕ್ಕವು ಮುಗಿಯುವುದು. ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಲಕ್ಕಮ್ಮನು ಅದನ್ನು ಕಂಡೊಡನೆಯೇ ಹೆಚ್ಚೆಂದು ಗುರುತಿಸಿ ಹಿಂದಕ್ಕೆ ಕಳುಹಿಸಿದ ಕಥೆಯು ಎಲ್ಲರಿಗೂ ತಿಳಿದದ್ದೇ. ಆ ಕಥೆಯನ್ನು ಆಸೆಯ ನಿರಾಕರಣಕ್ಕೆ ಉದಾಹರಣೆಯಾಗಿ ಹೇಳುವುದು ರೂಢಿ. ಅದು ಸರಿಯೇ. ಆದರೆ ಅದರಲ್ಲಿ ಇನ್ನೊಂದು ಸಂಗತಿಯೂ ಅಡಗಿದೆ: ತನ್ನ ಮನೆಗೆ ಬರುವವರ ಹಸಿವಿನ ಅಳತೆಯು ಆ ತಾಯಿಗೆ ಗೊತ್ತಿತ್ತು. ಅಳತೆಯನ್ನು ಅರಿಯದವರಿಗೆ ಹೆಚ್ಚಾದುದೂ ಕಾಣದು, ಕಡಿಮೆಯಾದುದೂ ಕಾಣದು.

ಈಗ ಲೋಕದ ಸಂಕಲ್ಪದ ಮಾತು. ಕ್ರಿ. ಶ. ೨೦೦೦ದಲ್ಲಿ ಸಂಯುಕ್ತ ರಾಷ್ಟ್ರಸಂಸ್ಥೆಯಲ್ಲಿ ಕೂಡಿದ ದೇಶಗಳು ಎಂಟು ಗುರಿಗಳನ್ನು ಗೊತ್ತುಮಾಡಿಕೊಂಡು ೨೦೧೫ರೊಳಗೆ ಸಾಧಿಸುವೆವೆಂದುವು. ಕೆಲವು ಸಾಧಿತವಾದುವು, ಕೆಲವು ಆಗಲಿಲ್ಲ. ೨೦೧೫ರ ಸೆಪ್ಟೆಂಬರ್ ತಿಂಗಳಲ್ಲಿ ಮತ್ತೆ ಕೂಡಿ ಹದಿನೇಳು ಗುರಿಗಳನ್ನೂ ಅವುಗಳ ಒಳಗೆ ೧೬೯ ಉಪಗುರಿಗಳನ್ನೂ ನಿಶ್ಚಯಿಸಿ ೨೦೩೦ನ್ನು ಕೊನೆಯ ವರ್ಷವೆಂದು ಬರೆದುಕೊಂಡುವು. ಬಡತನದ ನಿರ್ಮೂಲನ ಮೊದಲನೆಯದು, ಹಸಿವಿನದು ಎರಡನೆಯದು, ಆರೋಗ್ಯ ಮೂರನೆಯದು, ವಿದ್ಯೆ ನಾಲ್ಕನೆಯದು. ಭಾರತದಲ್ಲಿ ಈ ಲೆಕ್ಕವನ್ನು ಇಡುವ ನೀತಿ ಆಯೋಗವು ಪ್ರತಿಯೊಂದು ರಾಜ್ಯಕ್ಕೂ ನೂರಕ್ಕೆ ಇಷ್ಟೆಂದು ಅಂಕಗಳನ್ನು ಕೊಡುತ್ತದೆ. ದೇಶಕ್ಕೆ ೨೦೧೮ರಲ್ಲಿ ೫೭ ಅಂಕಗಳಿದ್ದುವು, ೨೦೨೩–೨೪ರಲ್ಲಿ ೭೧ ಆದುವು. ಪರೀಕ್ಷೆಯಲ್ಲಿ ತೇರ್ಗಡೆಯಾದ ಹುಡುಗನ ತಂದೆಯಂತೆ ಇದನ್ನು ಕಂಡು ಹಿಗ್ಗುವವರಿದ್ದಾರೆ. ಆದರೆ ಒಟ್ಟು ಅಂಕವು ಯಾವ ವಿಷಯದಲ್ಲಿ ಹುಡುಗನು ಸೋತನೆಂಬುದನ್ನು ಮುಚ್ಚಿಬಿಡುತ್ತದೆ.

ಗೆದ್ದ ವಿಷಯಗಳನ್ನು ಮೊದಲು ಹೇಳುವುದು ನ್ಯಾಯ. ಕನ್ನಡನಾಡಿನಲ್ಲಿ ಒಂದು ಲಕ್ಷ ಹೆರಿಗೆಗಳಿಗೆ ೨೦೦೧–೦೩ರ ಸುಮಾರಿನಲ್ಲಿ ೨೨೮ ತಾಯಂದಿರು ಸಾಯುತ್ತಿದ್ದರು. ೨೦೧೮–೨೦ರ ಲೆಕ್ಕದಲ್ಲಿ ಆ ಸಂಖ್ಯೆ ೬೯ಕ್ಕೆ ಇಳಿಯಿತು. ೨೦೩೦ರೊಳಗೆ ಎಪ್ಪತ್ತಕ್ಕಿಂತ ಕಡಿಮೆಯಾಗಬೇಕೆಂಬುದು ಲೋಕದ ಗುರಿ. ಅದನ್ನು ಕನ್ನಡನಾಡು ಹತ್ತು ವರ್ಷ ಮೊದಲೇ ಮುಟ್ಟಿತು. ನೆರೆಯ ಕೇರಳದಲ್ಲಿ ಅದೇ ಕಾಲಕ್ಕೆ ಕೇವಲ ೧೯ ಇದ್ದಿತೆಂಬುದನ್ನು ಮರೆಯಬಾರದು. ಹುಟ್ಟಿದ ಸಾವಿರ ಶಿಶುಗಳಲ್ಲಿ ವರ್ಷ ತುಂಬುವುದರೊಳಗೆ ತೀರಿಕೊಳ್ಳುವವು ೨೦೧೧ರಲ್ಲಿ ೩೫ ಇದ್ದುದು ೨೦೨೦ರಲ್ಲಿ ೧೯ ಆಯಿತು. ಇದು ತಾನಾಗಿ ಆದುದಲ್ಲ. ೨೦೦೫ರ ತರುವಾಯ ಹಳ್ಳಿಹಳ್ಳಿಯಲ್ಲಿ ಆಶಾ ಕಾರ್ಯಕರ್ತೆಯರು ನೇಮಕವಾಗಿ ಬಸುರಿಯರ ಮನೆಬಾಗಿಲಿಗೆ ನಡೆದರು. ೨೦೦೮ರ ನವೆಂಬರಿನಿಂದ ೧೦೮ ಸಂಖ್ಯೆಗೆ ಕರೆಮಾಡಿದರೆ ಆಂಬುಲೆನ್ಸು ಬರುವ ಏರ್ಪಾಡಾಯಿತು. ಆಸ್ಪತ್ರೆಗಳಲ್ಲಿ ಆಗುವ ಹೆರಿಗೆಗಳು ೨೦೦೫–೦೬ರಲ್ಲಿ ನೂರಕ್ಕೆ ೬೫ರಷ್ಟಿದ್ದವು ೨೦೧೯ರ ವೇಳೆಗೆ ೯೭ ಆದುವು. ಸೂಲಗಿತ್ತಿಯ ಕೈಯಿಂದ ವೈದ್ಯರ ಕೈಗೆ ಹೆರಿಗೆಯು ಬಂದುದು ಒಂದೇ ತಲೆಮಾರಿನ ಕೆಲಸ. ಆದರೂ ಆಸ್ಪತ್ರೆಯ ಬಾಗಿಲನ್ನು ಹೊಕ್ಕಮಾತ್ರಕ್ಕೆ ಕ್ಷೇಮವೆಂದಲ್ಲ. ೨೦೨೪ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರು ಒಬ್ಬರ ಹಿಂದೊಬ್ಬರು ಆಸ್ಪತ್ರೆಯಲ್ಲಿಯೇ ತೀರಿಕೊಂಡುದು ನಾಡನ್ನೆಲ್ಲ ನಡುಗಿಸಿತು.

ಬಡತನವೂ ಇಳಿದಿದೆ. ಕೈಯಲ್ಲಿರುವ ಹಣವನ್ನಷ್ಟೇ ಎಣಿಸದೆ, ಆಹಾರ, ಶಾಲೆ, ಕುಡಿಯುವ ನೀರು, ಶೌಚ, ಒಲೆ, ಮನೆ ಮುಂತಾದ ಹನ್ನೆರಡು ಅಂಶಗಳನ್ನು ಕೂಡಿಸಿ ಅಳೆಯುವ ಕ್ರಮವೊಂದು ಬಂದಿದೆ. ಅದರ ಪ್ರಕಾರ ಭಾರತದಲ್ಲಿ ಬಡವರು ೨೦೧೫–೧೬ರಲ್ಲಿ ನೂರಕ್ಕೆ ೨೪.೮೫ ಇದ್ದು ೨೦೧೯–೨೧ರಲ್ಲಿ ೧೪.೯೬ ಆದರು, ಕರ್ನಾಟಕದಲ್ಲಿ ೧೨.೭೭ ಇದ್ದುದು ೭.೫೮ ಆಯಿತು. ಸಿಡುಬನ್ನು ಓಡಿಸಿದ ಈ ದೇಶವು ೨೦೧೪ರ ಮಾರ್ಚಿಯಲ್ಲಿ ಪೋಲಿಯೋವಿನಿಂದಲೂ ಮುಕ್ತವೆಂದು ಪ್ರಮಾಣಪತ್ರವನ್ನು ಪಡೆಯಿತು. ೧೮೯೮ರಲ್ಲಿ ಪ್ಲೇಗಿಗೆ ಹೆದರಿ ಬೆಂಗಳೂರಿನ ಪೇಟೆಯನ್ನು ಬಿಟ್ಟು ಜನರು ಬಯಲಿಗೆ ಓಡಿದ ಸಂಗತಿಯನ್ನು ನೆನೆದರೆ ನಡೆದು ಬಂದ ದಾರಿ ಎಷ್ಟು ಉದ್ದವೆಂಬುದು ತಿಳಿಯುವುದು.

ವಿದ್ಯೆಯ ಲೆಕ್ಕವು ಇಷ್ಟು ನೇರವಾಗಿಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನರಾಗಿದ್ದಾಗ, ೧೯೧೩ರಲ್ಲಿಯೇ, ಮಕ್ಕಳಿಗೆ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯಮಾಡಲು ಸಂಸ್ಥಾನದಲ್ಲಿ ಕಾನೂನಾಗಿದ್ದಿತು. ಅದಾಗಿ ತೊಂಬತ್ತೆಂಟು ವರ್ಷಗಳ ಮೇಲೆ, ೨೦೧೧ರ ಜನಗಣತಿಯಲ್ಲಿ, ಕರ್ನಾಟಕದ ಅಕ್ಷರಸ್ಥರು ನೂರಕ್ಕೆ ೭೫; ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ೮೮, ಯಾದಗಿರಿಯಲ್ಲಿ ೫೨. ಒಂದೇ ರಾಜ್ಯದ ಎರಡು ಜಿಲ್ಲೆಗಳ ನಡುವೆ ಇಷ್ಟು ಅಂತರ! ೨೦೨೧ರಲ್ಲಿ ನಡೆಯಬೇಕಿದ್ದ ಗಣತಿಯು ಮುಂದಕ್ಕೆ ಹೋದುದರಿಂದ ಆ ಅಂತರವು ಎಷ್ಟು ಕುಗ್ಗಿತೆಂದು ಹೇಳಲು ಅದೇ ಬಗೆಯ ಲೆಕ್ಕವು ಮತ್ತೆ ಬರಲಿಲ್ಲ. ಶಾಲೆಗೆ ಸೇರಿದ ಮಕ್ಕಳ ಸಂಖ್ಯೆಯೇನೋ ಎಲ್ಲೆಡೆಯೂ ತುಂಬಿದೆ. ಆದರೆ ದೇಶದ ಗ್ರಾಮಗಳಲ್ಲಿ ಐದನೆಯ ತರಗತಿಯ ಮಕ್ಕಳ ಪೈಕಿ ಅರ್ಧಕ್ಕಿಂತ ಹೆಚ್ಚು ಮಂದಿ ಎರಡನೆಯ ತರಗತಿಯ ಪಾಠವನ್ನು ತಡೆಯಿಲ್ಲದೆ ಓದಲಾರರೆಂದು ೨೦೨೨ರ ‘ಅಸರ್’ ವರದಿಯು ಹೇಳಿತು. ಹಾಜರಿಪಟ್ಟಿಯಲ್ಲಿ ಹೆಸರಿರುವುದಕ್ಕೂ ನಾಲಗೆಯಲ್ಲಿ ಅಕ್ಷರವಿರುವುದಕ್ಕೂ ಭೇದವುಂಟಷ್ಟೆ.

ಇನ್ನು ಸೋತ ವಿಷಯಕ್ಕೆ ಬರಬೇಕು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರು ೨೦೧೯ರ ಜುಲೈಯಿಂದ ಡಿಸೆಂಬರಿನವರೆಗೆ ಕರ್ನಾಟಕದ ಮನೆಗಳಿಗೆ ಹೋಗಿ ಐದು ವರ್ಷದೊಳಗಿನ ಮಕ್ಕಳನ್ನು ತೂಗಿದರು, ಅಳೆದರು. ನೂರಕ್ಕೆ ೩೫.೪ ಮಕ್ಕಳು ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. ನಾಲ್ಕು ವರ್ಷ ಹಿಂದಿನ ಸಮೀಕ್ಷೆಯಲ್ಲಿ ಅದು ೩೬.೨ ಇದ್ದಿತು. ಅಂದರೆ ಇದ್ದಲ್ಲಿಯೇ ಇದೆ. ರಕ್ತಹೀನತೆಯುಳ್ಳ ಮಕ್ಕಳು ಹಿಂದೆ ೬೦.೯ ಇದ್ದವರು ೬೫.೫ ಆದರು. ಹದಿನೈದರಿಂದ ನಲವತ್ತೊಂಬತ್ತು ವಯಸ್ಸಿನ ಸ್ತ್ರೀಯರಲ್ಲಿ ೪೪.೮ ಇದ್ದುದು ೪೭.೮ ಆಯಿತು. ಬೆರಳ ತುದಿಯಿಂದ ತೆಗೆದ ಹನಿರಕ್ತದ ಪರೀಕ್ಷೆಯು ರೋಗವನ್ನು ಇರುವುದಕ್ಕಿಂತ ಹೆಚ್ಚಾಗಿ ತೋರಿಸುತ್ತದೆಂದು ವೈದ್ಯವಿದ್ವಾಂಸರಲ್ಲಿ ವಾದವುಂಟು. ಆ ವಾದಕ್ಕೆ ಎಷ್ಟೇ ರಿಯಾಯಿತಿ ಕೊಟ್ಟರೂ ಹಿಂದಿಗಿಂತ ಇಳಿದಿದೆಯೆಂದು ಹೇಳಲು ಬರುವಂತಿಲ್ಲ. ಕೊರೋನಾ ಮಾರಿಯ ಮೇಲೆ ತಪ್ಪನ್ನು ಹೊರಿಸುವುದಕ್ಕೂ ಆಗದು, ಏಕೆಂದರೆ ಮಾರಿಯು ಬರುವ ಮೊದಲೇ ಈ ಅಳತೆ ಮುಗಿದಿದ್ದಿತು. ತಾಯಿಯ ಪ್ರಾಣವನ್ನು ಉಳಿಸಲು ಕಲಿತ ನಾಡು ಆಕೆಯ ಮಗುವಿನ ರಕ್ತವನ್ನು ತುಂಬಲು ಇನ್ನೂ ಕಲಿತಿಲ್ಲ. ಬಡತನದ ಅಂಕ ಇಳಿದ ಅವಧಿಯಲ್ಲಿಯೇ ಮಕ್ಕಳ ಎತ್ತರವು ಏರಲಿಲ್ಲವೆಂಬುದು ಎಲ್ಲಕ್ಕಿಂತ ಹೆಚ್ಚು ಯೋಚಿಸಬೇಕಾದ ಸಂಗತಿ.

ಹಾಗಾದರೆ ಅಕ್ಷರ ದಾಸೋಹವು ಏನುಮಾಡಿತು? ಅದರ ಚರಿತ್ರೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಮದರಾಸಿನಲ್ಲಿ ಕಾಮರಾಜರು ೧೯೫೬ರಲ್ಲಿ ಶಾಲೆಯ ಮಕ್ಕಳಿಗೆ ಊಟವನ್ನು ಆರಂಭಿಸಿದ್ದರು. ಭಾರತ ಸರ್ಕಾರವು ೧೯೯೫ರ ಆಗಸ್ಟ್ ೧೫ರಂದು ದೇಶಕ್ಕೆಲ್ಲ ಒಂದು ಕಾರ್ಯಕ್ರಮವನ್ನು ಹೊರಡಿಸಿತಾದರೂ ಹೆಚ್ಚಿನ ರಾಜ್ಯಗಳಲ್ಲಿ ನಡೆದುದು ಇಷ್ಟೆ: ನೂರಕ್ಕೆ ಎಂಬತ್ತು ದಿನ ಹಾಜರಿದ್ದ ಮಗುವಿಗೆ ತಿಂಗಳಿಗೆ ಮೂರು ಕಿಲೋ ಧಾನ್ಯ. ಆ ಧಾನ್ಯವು ಮನೆಯ ಗಡಿಗೆಗೆ ಬಿದ್ದು ಎಲ್ಲರ ಪಾಲಾಯಿತು, ಮಗುವಿಗೆ ದಕ್ಕಿದುದು ಎರಡು ತುತ್ತು. ೨೦೦೧ರ ನವೆಂಬರ್ ೨೮ರಂದು ಸುಪ್ರೀಂ ಕೋರ್ಟು ಬೇಯಿಸಿದ ಅನ್ನವನ್ನೇ ಕೊಡಬೇಕು, ಪ್ರತಿದಿನ ಕಡಿಮೆಯೆಂದರೆ ೩೦೦ ಕ್ಯಾಲೊರಿ ಮತ್ತು ಎಂಟರಿಂದ ಹನ್ನೆರಡು ಗ್ರಾಂ ಪ್ರೋಟೀನು ಇರಬೇಕು, ವರ್ಷಕ್ಕೆ ಇನ್ನೂರು ದಿನವಾದರೂ ನಡೆಯಬೇಕು ಎಂದು ಅಪ್ಪಣೆಮಾಡಿತು. ಅದರ ಮೇಲೆ ಕರ್ನಾಟಕವು ೨೦೦೨–೦೩ರಲ್ಲಿ ಈಶಾನ್ಯಭಾಗದ ಏಳು ಜಿಲ್ಲೆಗಳಲ್ಲಿಯೂ ಮರುವರ್ಷ ಉಳಿದ ಜಿಲ್ಲೆಗಳಲ್ಲಿಯೂ ಅಕ್ಷರ ದಾಸೋಹವನ್ನು ಜಾರಿಗೆ ತಂದಿತು. ೨೦೧೩ರ ಆಗಸ್ಟಿನಿಂದ ‘ಕ್ಷೀರ ಭಾಗ್ಯ’ದ ಹಾಲು ಸೇರಿತು. ಬಸುರಿ ಬಾಣಂತಿಯರಿಗೆ ಅಂಗನವಾಡಿಯಲ್ಲಿಯೇ ಒಂದು ಹೊತ್ತಿನ ಪೂರ್ಣ ಊಟವನ್ನು ಬಡಿಸುವ ‘ಮಾತೃಪೂರ್ಣ’ವು ೨೦೧೭ರ ಅಕ್ಟೋಬರ್ ೨ರಂದು ಬಂದಿತು.

ಇದರಿಂದ ಹಸಿದು ಪಾಠ ಕೇಳುವ ಮಗುವಿನ ಸಂಖ್ಯೆಯು ಕಡಿಮೆಯಾಯಿತು. ಜಾತಿ ಜಾತಿಯ ಮಕ್ಕಳು ಒಂದೇ ಸಾಲಿನಲ್ಲಿ ಕುಳಿತು ಉಂಡರು. ಕಲ್ಯಾಣದ ಶರಣರು ಪಂಕ್ತಿಭೇದವನ್ನು ಅಳಿಸಿದ ಎಂಟುನೂರು ವರ್ಷಗಳ ಮೇಲೆ ಅದೇ ಕೆಲಸವನ್ನು ಸರ್ಕಾರಿ ಶಾಲೆಯ ಜಗಲಿಯು ಮಾಡಿತು. ಎಲ್ಲ ಊರುಗಳಲ್ಲಿಯೂ ಇದು ಸಲೀಸಾಗಿ ನಡೆಯಲಿಲ್ಲ. ಅಡುಗೆಯಾಕೆಯ ಜಾತಿಯನ್ನು ಕೇಳಿ ಮಕ್ಕಳನ್ನು ಊಟದಿಂದ ಬಿಡಿಸಿಕೊಂಡು ಹೋದ ತಂದೆತಾಯಿಗಳೂ ಇದ್ದಾರೆ. ಹಾಗೆ ಮಾಡಿದವರು ಹಣೆಯಲ್ಲಿ ವಿಭೂತಿಯನ್ನು ಧರಿಸಿದ್ದರೆ ಆ ವಿಭೂತಿಗೆ ಬೂದಿಯೆಂಬುದಕ್ಕಿಂತ ಬೇರೆ ಅರ್ಥವಿಲ್ಲ.

ಆದರೆ ಎತ್ತರವೂ ರಕ್ತವೂ ನಿರ್ಧಾರವಾಗುವುದು ಶಾಲೆಗೆ ಸೇರುವ ಮೊದಲೇ. ಗರ್ಭದಲ್ಲಿರುವ ಕಾಲದಿಂದ ಎರಡು ವರ್ಷ ತುಂಬುವವರೆಗಿನ ಸುಮಾರು ಸಾವಿರ ದಿನಗಳಲ್ಲಿ ಕಳೆದುಕೊಂಡ ಬೆಳವಣಿಗೆಯನ್ನು ಆರನೆಯ ವಯಸ್ಸಿನಲ್ಲಿ ಬಡಿಸಿದ ಅನ್ನವು ಪೂರ್ತಿಯಾಗಿ ತುಂಬಿಕೊಡಲಾರದು. ಆ ಸಾವಿರ ದಿನಗಳ ಹೊಣೆ ಅಂಗನವಾಡಿಯದು. ೧೯೭೫ರ ಅಕ್ಟೋಬರ್ ೨ರಂದು ದೇಶದ ಮೂವತ್ತಮೂರು ಕಡೆಗಳಲ್ಲಿ ಪ್ರಯೋಗಾರ್ಥವಾಗಿ ಅದು ಆರಂಭವಾದಾಗ ಕರ್ನಾಟಕದಲ್ಲಿ ಆರಿಸಲ್ಪಟ್ಟುದು ತಿರುಮಕೂಡಲು ನರಸೀಪುರ. ಐವತ್ತು ವರ್ಷಗಳಲ್ಲಿ ಅದು ಊರೂರಿಗೆ ಹಬ್ಬಿದೆ. ಅಲ್ಲಿನ ಕಾರ್ಯಕರ್ತೆಗೆ ಸಂಬಳವೆಂಬುದಿಲ್ಲ, ಗೌರವಧನವೆಂಬ ಹೆಸರು. ಮಕ್ಕಳನ್ನು ತೂಗುವವಳು ಅವಳೇ, ಅಡುಗೆಯನ್ನು ನೋಡುವವಳು ಅವಳೇ, ಪಟ್ಟಿಗಳನ್ನು ಬರೆಯುವವಳೂ ಅವಳೇ. ಕಾಯಕವೆಂಬ ಮಾತನ್ನು ಎಲ್ಲರ ಬಾಯಲ್ಲಿಯೂ ಕೇಳುವ ಈ ಕಾಲದಲ್ಲಿ ಅದನ್ನು ಕೈಯಲ್ಲಿ ಮಾಡುವವರು ಇವರು.

ಇಲ್ಲಿಗೆ ಸಮೀಪದ ಹೆಬ್ಬಾಳದ ಒಂದು ಸಂಗತಿಯು ಈ ಪ್ರಸಂಗಕ್ಕೆ ತಕ್ಕುದಾಗಿದೆ. ಮೈಸೂರು ಸಂಸ್ಥಾನವು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿಯೇ ಹೆಬ್ಬಾಳದಲ್ಲಿ ಬೇಸಾಯದ ಪ್ರಯೋಗಕ್ಷೇತ್ರವನ್ನು ಸ್ಥಾಪಿಸಿತು. ಮುಂದೆ ಕೃಷಿ ವಿಶ್ವವಿದ್ಯಾನಿಲಯವಾಗಿ ಬೆಳೆದು, ಗಾಂಧಿ ಕೃಷಿ ವಿಜ್ಞಾನ ಕೇಂದ್ರವೆಂಬ ಹೆಸರಿನಿಂದ ಬಳ್ಳಾರಿ ರಸ್ತೆಯ ಪಕ್ಕದಲ್ಲಿ ನಿಂತಿದೆ. ಅಲ್ಲಿ ಹುಟ್ಟಿದ ‘ಜಿಪಿಯು ೨೮’ ಎಂಬ ರಾಗಿಯ ತಳಿಯು ಕರ್ನಾಟಕದ ರೈತರ ಹೊಲಗಳನ್ನೆಲ್ಲ ತುಂಬಿತು. ನೂರು ಗ್ರಾಂ ರಾಗಿಯಲ್ಲಿ ಸುಮಾರು ೩೪೦ ಮಿಲಿಗ್ರಾಂ ಸುಣ್ಣದ ಅಂಶವಿದೆ. ಬಿಳಿಯ ಅಕ್ಕಿಯಲ್ಲಿ ಅದರ ಇಪ್ಪತ್ತನೆಯ ಒಂದು ಪಾಲೂ ಇಲ್ಲ. ಎಲುಬಿಗೆ ಬೇಕಾದ ಧಾನ್ಯವನ್ನು ಮನೆಯ ಮುಂದೆ ಬೆಳೆದು, ಪಾಲಿಷು ಮಾಡಿದ ಅಕ್ಕಿಯನ್ನು ಗೌರವದ ಆಹಾರವೆಂದು ಮಗುವಿಗೆ ಬಡಿಸುವ ಬುದ್ಧಿಯು ಎಲ್ಲಿಂದ ಬಂದಿತೋ! ರಾಗಿಯೊಂದರಿಂದಲೇ ರಕ್ತವು ತುಂಬುವುದಿಲ್ಲವೆಂಬುದೂ ನಿಜ. ಅದರಲ್ಲಿರುವ ಕಬ್ಬಿಣವನ್ನು ಹೊಟ್ಟೆಯು ಹೀರಿಕೊಳ್ಳದಂತೆ ತಡೆಯುವ ಅಂಶಗಳು ಅದರಲ್ಲಿಯೇ ಇವೆ. ಮೊಳಕೆ ಕಟ್ಟಿ ಒಣಗಿಸಿ ಹಿಟ್ಟುಮಾಡಿದರೆ ಆ ತಡೆಯು ಸಡಿಲುತ್ತದೆ. ಮೇಲೆ ನಿಂಬೆಯ ರಸವನ್ನು ಹಿಂಡಿದರೆ ಕಬ್ಬಿಣವು ರಕ್ತಕ್ಕೆ ಸೇರುತ್ತದೆ. ಊಟದ ಹಿಂದೆಯೇ ಚಹಾ ಕುಡಿಸಿದರೆ ಸೇರಬೇಕಾದುದೂ ಸೇರುವುದಿಲ್ಲ. ಎಳೆಯ ಮಗುವಿಗೆ ರಾಗಿಯನ್ನು ಮೊಳಕೆ ಕಟ್ಟಿಯೇ ಸರಿ ಮಾಡಿ ಉಣಿಸುತ್ತಿದ್ದ ಅಜ್ಜಿಯರು ಈ ರಸಾಯನವನ್ನು ಓದಿದವರಲ್ಲ, ಆದರೆ ಮಾಡಿದುದು ಸರಿಯಾಗಿಯೇ ಇದ್ದಿತು. ೨೦೨೪ರಲ್ಲಿ ಶಾಲೆಯ ಹಾಲಿಗೆ ರಾಗಿಯ ಹಿಟ್ಟನ್ನು ಬೆರೆಸಿ ಕೊಡುವ ಕ್ರಮವನ್ನು ಸರ್ಕಾರವು ತಂದುದು ಬಹಳ ತಡವಾಗಿ ಬಂದ ವಿವೇಕ. ಇದರೊಡನೆ ಹೊಟ್ಟೆಯ ಹುಳುವಿಗೆ ಕೊಡುವ ಮಾತ್ರೆ, ವಾರಕ್ಕೊಮ್ಮೆ ಕೊಡುವ ಕಬ್ಬಿಣದ ಮಾತ್ರೆ, ಶುದ್ಧವಾದ ನೀರು ಇವು ಕೂಡದಿದ್ದರೆ ಉಂಡ ಅನ್ನವು ಹುಳುವಿನ ಪಾಲಾಗುವುದು.

ಮೊಟ್ಟೆಯ ವಿವಾದವನ್ನು ಮುಟ್ಟದೆ ಮುಂದೆ ಹೋಗುವುದು ಹೇಡಿತನವಾದೀತು. ೨೦೨೧ರ ಡಿಸೆಂಬರಿನಲ್ಲಿ ಯಾದಗಿರಿ, ರಾಯಚೂರು, ಕಲಬುರಗಿ ಮುಂತಾದ ಏಳು ಜಿಲ್ಲೆಗಳ ಶಾಲೆಗಳಲ್ಲಿ ಬೇಯಿಸಿದ ಮೊಟ್ಟೆಯನ್ನೂ, ಒಲ್ಲದವರಿಗೆ ಬಾಳೆಹಣ್ಣನ್ನೂ ಕೊಡುವುದಕ್ಕೆ ಆರಂಭವಾದಾಗ ಲಿಂಗಾಯತ ಮಠಾಧೀಶರಲ್ಲಿ ಹಲವರು ಅದನ್ನು ಪ್ರತಿಭಟಿಸಿದರು. ಆಚಾರವಂತರ ಮಕ್ಕಳಿಗೆ ಸಂಕೋಚವಾಗುತ್ತದೆಂಬುದು ಅವರ ವಾದ. ಇತ್ತ, ಮೊಟ್ಟೆಯನ್ನು ತಿಂದ ಯಾದಗಿರಿಯ ಮಕ್ಕಳು ತಿನ್ನದ ಗದಗಿನ ಮಕ್ಕಳಿಗಿಂತ ತೂಕದಲ್ಲಿ ಮುಂದಾದರೆಂದು ಸರ್ಕಾರವು ಮಾಡಿಸಿದ ಅಧ್ಯಯನವು ತೋರಿಸಿತು. ಬಳಿಕ ಅದು ರಾಜ್ಯಕ್ಕೆಲ್ಲ ಹಬ್ಬಿತು. ಸಸ್ಯಾಹಾರವು ಲಿಂಗವಂತರಿಗೆ ಆಚಾರ; ಅದರಲ್ಲಿ ಸಂದೇಹವಿಲ್ಲ. ತಮ್ಮ ಮಕ್ಕಳಿಗೆ ಮೊಟ್ಟೆ ಬೇಡವೆನ್ನುವ ಹಕ್ಕು ಭಕ್ತರಿಗೆ ಪೂರ್ಣವಾಗಿದೆ. ಆದರೆ ಆ ಶಾಲೆಯ ಪಂಕ್ತಿಯಲ್ಲಿ ಮನೆಯಲ್ಲಿ ಎಂದಿನಿಂದಲೂ ಮೊಟ್ಟೆಯನ್ನು ತಿನ್ನುವ, ಕೊಳ್ಳಲು ಹಣವಿಲ್ಲದ ಕುಟುಂಬದ ಮಗುವೂ ಕುಳಿತಿದೆ. ಅದರ ತಟ್ಟೆಯನ್ನು ಕುರಿತು ತೀರ್ಪು ಹೇಳುವ ಅಧಿಕಾರವು ದಾಸನೆಂದು ಕರೆದುಕೊಂಡವನಿಗೆ ಎಲ್ಲಿಂದ ಬಂದಿತು? ಇನ್ನೊಂದು ಮಾತು. ಒಂದು ಬಾಳೆಹಣ್ಣು ಒಂದು ಮೊಟ್ಟೆಗೆ ಸಮವಲ್ಲ. ಹಣ್ಣಿನಲ್ಲಿ ಪ್ರೋಟೀನು ಒಂದು ಗ್ರಾಮಿನಷ್ಟು, ಮೊಟ್ಟೆಯಲ್ಲಿ ಆರು ಗ್ರಾಂ. ಬೇಡವೆನ್ನುವವನು ಬದಲನ್ನು ಬಡಿಸಬೇಕು. ಕಡಲೆಕಾಯಿ ಚಿಕ್ಕಿ, ಮೊಳಕೆಯ ಹೆಸರುಕಾಳು, ಹಾಲು, ನುಗ್ಗೆಸೊಪ್ಪು ಇವುಗಳನ್ನು ಲಿಂಗವಂತ ಮಕ್ಕಳ ತಟ್ಟೆಗೆ ಸಾಕಷ್ಟು ತರುವ ಹೊಣೆಯನ್ನು ಮಠಗಳು ಹೊತ್ತಿದ್ದರೆ ಆ ಪ್ರತಿಭಟನೆಗೆ ಬೇರೆ ತೂಕವಿರುತ್ತಿದ್ದಿತು.

ಮಠಗಳಿಗೆ ಈ ಕೆಲಸವು ಹೊಸದಲ್ಲ. ತುಮಕೂರಿನ ಸಿದ್ಧಗಂಗೆಯಲ್ಲಿ ಲಿಂ. ಶ್ರೀ ಶಿವಕುಮಾರ ಮಹಾಸ್ವಾಮಿಗಳವರು ೧೯೪೧ರಲ್ಲಿ ಮಠದ ಭಾರವನ್ನು ವಹಿಸಿಕೊಂಡು ೨೦೧೯ರ ಜನವರಿ ೨೧ರಂದು ಲಿಂಗೈಕ್ಯರಾಗುವವರೆಗೂ ಜಾತಿಮತಗಳನ್ನು ಕೇಳದೆ ಮಕ್ಕಳಿಗೆ ಅನ್ನವನ್ನೂ ಅಕ್ಷರವನ್ನೂ ನೀಡಿದರು. ಅವರ ಕಾಲದಲ್ಲಿಯೇ ಅಲ್ಲಿನ ವಿದ್ಯಾರ್ಥಿಗಳ ಸಂಖ್ಯೆಯು ಹತ್ತು ಸಾವಿರದ ಸಮೀಪಕ್ಕೆ ಬೆಳೆಯಿತು. ಅಲ್ಲಿ ಬಡಿಸುವುದು ರಾಗಿಯ ಮುದ್ದೆ. ಆ ದಿನವನ್ನು ರಾಜ್ಯ ಸರ್ಕಾರವು ‘ದಾಸೋಹ ದಿನ’ವೆಂದು ಘೋಷಿಸಿದೆ. ಹಾನಗಲ್ಲ ಕುಮಾರಸ್ವಾಮಿಗಳವರು ೧೯೦೯ರಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದ ಕಾಲದಿಂದ, ಸುತ್ತೂರಿನ ಶಿವರಾತ್ರಿ ರಾಜೇಂದ್ರ ಮಹಾಸ್ವಾಮಿಗಳವರು ೧೯೫೪ರಲ್ಲಿ ವಿದ್ಯಾಪೀಠವನ್ನು ಕಟ್ಟಿದವರೆಗೆ, ಪ್ರಸಾದನಿಲಯಗಳಲ್ಲಿ ಉಂಡು ಓದಿದ ರೈತರ ಮಕ್ಕಳು ಎಷ್ಟೋ ಮಂದಿ. ಆ ಗುರುಗಳಿಗೆ ಗುರಿಯ ಸಂಖ್ಯೆಯನ್ನು ಯಾರೂ ಬರೆದುಕೊಟ್ಟಿರಲಿಲ್ಲ.

ಇಷ್ಟಾದ ಮೇಲೆ ಅಮೃತಹಳ್ಳಿಯ ವಿಚಾರ. ಯಲಹಂಕ ಹೋಬಳಿಯ ಈ ಊರು ಒಂದು ಕಾಲದಲ್ಲಿ ರಾಗಿಯ ಹೊಲಗಳ ನಡುವೆ ಕೆರೆಯ ಮಗ್ಗುಲಲ್ಲಿದ್ದ ಹಳ್ಳಿ. ಬ್ಯಾಟರಾಯನಪುರ ನಗರಸಭೆಯೊಡನೆ ೨೦೦೭ರಲ್ಲಿ ಮಹಾನಗರಕ್ಕೆ ಸೇರಿತು. ಮರುವರ್ಷ ದೇವನಹಳ್ಳಿಯಲ್ಲಿ ವಿಮಾನನಿಲ್ದಾಣವು ತೆರೆಯಿತು. ಅಲ್ಲಿಂದ ಹೊಲಗಳು ನಿವೇಶನಗಳಾದುವು, ನಿವೇಶನಗಳು ಮಹಡಿಗಳಾದುವು. ಆ ಮಹಡಿಗಳನ್ನು ಕಟ್ಟಿದವರು ಯಾರು? ಬೆಂಗಳೂರಿನ ಉತ್ತರಭಾಗದಲ್ಲಿ ಕಟ್ಟಡಗಳ ಪಕ್ಕದ ತಗಡಿನ ಶೆಡ್ಡುಗಳಲ್ಲಿ ಇಳಿದಿರುವ ಕೂಲಿಗಳಲ್ಲಿ ಯಾದಗಿರಿ, ರಾಯಚೂರು, ಕಲಬುರಗಿಯ ಕಡೆಯವರು ಬಹಳ ಮಂದಿ. ಬಿಹಾರ, ಒಡಿಶಾ, ಬಂಗಾಳಗಳವರೂ ಇದ್ದಾರೆ. ಬಸವಣ್ಣನವರ ಕಲ್ಯಾಣದ ಸೀಮೆಯಿಂದಲೇ ಜನರು ಅನ್ನಕ್ಕಾಗಿ ಇಲ್ಲಿಗೆ ಬಂದಿದ್ದಾರೆಂದು ಹೇಳಿದರೆ ತಪ್ಪಲ್ಲ.

ನಾಡಿನ ಒಟ್ಟು ಲೆಕ್ಕದಲ್ಲಿ ಕಾಣದೆ ಹೋಗುವವರು ಇವರ ಮಕ್ಕಳು. ಮಗುವಿನ ಹೆಸರು ಯಾದಗಿರಿಯ ಹಳ್ಳಿಯ ಅಂಗನವಾಡಿಯ ಪುಸ್ತಕದಲ್ಲಿದೆ, ಮಗುವೇ ಇಲ್ಲಿದೆ. ಅಲ್ಲಿ ಅದರ ಪಾಲಿನ ಹಿಟ್ಟು ಬರುತ್ತದೆ, ಉಣ್ಣುವ ಬಾಯಿಲ್ಲ. ಇಲ್ಲಿ ಬಾಯಿದೆ, ಪುಸ್ತಕದಲ್ಲಿ ಹೆಸರಿಲ್ಲ. ಒಂದು ಕಟ್ಟಡ ಮುಗಿದೊಡನೆ ಕುಟುಂಬವು ಮತ್ತೊಂದು ಕಡೆಗೆ ಹೋಗುತ್ತದೆ. ಚುಚ್ಚುಮದ್ದಿನ ಎರಡನೆಯ ಸರದಿ ಬರುವಷ್ಟರಲ್ಲಿ ಶೆಡ್ಡೇ ಇರುವುದಿಲ್ಲ. ಎಂಟು ವರ್ಷದ ಹುಡುಗಿಯು ತಾಯಿ ಇಟ್ಟಿಗೆ ಹೊರುವಾಗ ತಮ್ಮನನ್ನು ಸೊಂಟದಲ್ಲಿ ಹೊತ್ತಿರುತ್ತಾಳೆ. ರಾಜ್ಯಕ್ಕೆ ಬರುವ ಅಂಕದಲ್ಲಿ ಈಕೆ ಶಾಲೆಗೆ ಸೇರಿದವಳೆಂದು ಬರೆದಿರಲೂ ಸಾಧ್ಯ.

ಕಾನೂನು ಇವಳ ಪರವಾಗಿದೆ. ೨೦೧೦ರ ಏಪ್ರಿಲ್ ೧ರಿಂದ ಜಾರಿಗೆ ಬಂದ ಶಿಕ್ಷಣದ ಹಕ್ಕಿನ ಕಾನೂನಿನಂತೆ, ಬೇರೆ ಊರಿನ ಶಾಲೆಯ ವರ್ಗಾವಣೆ ಪತ್ರವು ತಡವಾಯಿತೆಂದು ಯಾವ ಮುಖ್ಯೋಪಾಧ್ಯಾಯನೂ ಮಗುವನ್ನು ಹಿಂದಕ್ಕೆ ಕಳುಹಿಸುವಂತಿಲ್ಲ. ಹುಟ್ಟಿದ ದಿನದ ಕಾಗದವಿಲ್ಲವೆಂದೂ ಹಿಂದಕ್ಕೆ ಕಳುಹಿಸುವಂತಿಲ್ಲ. ಶಾಲೆಯನ್ನೇ ಕಾಣದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡು ವಿಶೇಷ ಪಾಠ ಹೇಳಿಕೊಡಬೇಕು. ಹಳ್ಳಿಯಲ್ಲಿ ಪಡೆದ ತಾಯಿ ಕಾರ್ಡನ್ನು ಬಸುರಿಯು ಜೊತೆಯಲ್ಲಿ ತಂದರೆ ಇಲ್ಲಿನ ಆಸ್ಪತ್ರೆಯಲ್ಲಿ ಅದರಿಂದಲೇ ಹಿಂದಿನ ತಪಾಸಣೆಯೆಲ್ಲ ತಿಳಿಯುವುದು. ದೇಶದ ಯಾವ ಮೂಲೆಯ ರೇಷನ್ ಕಾರ್ಡಿಗೂ ಬೇರೆ ಊರಿನ ನ್ಯಾಯಬೆಲೆ ಅಂಗಡಿಯಲ್ಲಿ ಧಾನ್ಯ ಪಡೆಯುವ ಏರ್ಪಾಡೂ ಆಗಿದೆ. ಇವೆಲ್ಲ ಕಾಗದದಲ್ಲಿವೆ. ಶೆಡ್ಡಿನಿಂದ ಶಾಲೆಯ ಬಾಗಿಲಿನವರೆಗೆ ಮಗುವಿನ ಕೈ ಹಿಡಿದು ನಡೆಯುವವರು ಮಾತ್ರ ಕಾಗದದಲ್ಲಿಲ್ಲ. ಅಪರಿಚಿತ ಪಟ್ಟಣದಲ್ಲಿ ಕೂಲಿಯನ್ನು ಬಿಟ್ಟು ಕಚೇರಿಗೆ ಅಲೆಯುವ ತಂದೆಗೆ ಆ ದಿನದ ಅನ್ನ ಹೋಗುತ್ತದೆ.

ಭಕ್ತರು ಮಾಡಬಹುದಾದ ಕೆಲಸವು ಇಲ್ಲಿಯೇ ಇದೆ. ವಾರಕ್ಕೆ ಒಂದು ಹೊತ್ತು ಇಬ್ಬರು ಮೂವರು ಕೂಡಿ ಹತ್ತಿರದ ಶೆಡ್ಡುಗಳಿಗೆ ಹೋಗಿ, ಮೂರರಿಂದ ಹದಿನಾಲ್ಕರವರೆಗಿನ ಮಕ್ಕಳ ಹೆಸರನ್ನು ಬರೆದುಕೊಂಡು, ಅಂಗನವಾಡಿಗೆ ಹೋಗುವವರನ್ನು ಅಂಗನವಾಡಿಗೂ ಶಾಲೆಗೆ ಹೋಗುವವರನ್ನು ಶಾಲೆಗೂ ತಲುಪಿಸುವುದು. ಜಂಗಮವೆಂದರೆ ಚಲಿಸುವುದು, ಊರೂರು ಚಲಿಸುವ ಈ ಮಕ್ಕಳನ್ನು ಹುಡುಕಿಕೊಂಡು ಹೋಗುವುದು ಜಂಗಮಸೇವೆಯಲ್ಲದೆ ಮತ್ತೇನು? ಮಹೋತ್ಸವದ ಮಹಾಪ್ರಸಾದಕ್ಕೆ ಈ ಶೆಡ್ಡುಗಳವರನ್ನೂ ಕರೆಯುವುದು ಒಳ್ಳೆಯದೇ, ಆದರೆ ಅದು ಒಂದು ದಿನದ ಊಟ.

ಮಠಗಳ ಪ್ರಸಾದನಿಲಯಗಳಿಗೂ ಒಂದು ಕೆಲಸವುಂಟು. ಆಷಾಢದಲ್ಲೊಮ್ಮೆ ಮಾಘದಲ್ಲೊಮ್ಮೆ ಪ್ರತಿಯೊಬ್ಬ ವಿದ್ಯಾರ್ಥಿಯ ತೂಕವನ್ನೂ ಎತ್ತರವನ್ನೂ ಪುಸ್ತಕದಲ್ಲಿ ಬರೆದಿಡಬೇಕು. ದಾನಿಗಳ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸುವ ಮಠಕ್ಕೆ ಉಂಡವರ ತೂಕವನ್ನು ಕಾಗದದಲ್ಲಿ ಬರೆಯುವುದು ಭಾರವಾಗದು.

ಕೊನೆಯದಾಗಿ ಸಾಮೂಹಿಕ ವಿವಾಹಗಳ ಮಾತು. ಇಪ್ಪತ್ತರಿಂದ ಇಪ್ಪತ್ತನಾಲ್ಕು ವಯಸ್ಸಿನ ಸ್ತ್ರೀಯರಲ್ಲಿ ಹದಿನೆಂಟು ತುಂಬುವ ಮೊದಲೇ ಮದುವೆಯಾದವರು ಕರ್ನಾಟಕದಲ್ಲಿ ೨೦೧೫–೧೬ರಲ್ಲಿ ನೂರಕ್ಕೆ ೨೧.೪ ಇದ್ದರು, ೨೦೧೯ರಲ್ಲಿ ೨೧.೩. ಈ ಸಂಖ್ಯೆಯೂ ನಿಂತಲ್ಲಿಯೇ ನಿಂತಿದೆ. ರಕ್ತವಿಲ್ಲದ ಹುಡುಗಿಯು ಬೇಗನೆ ತಾಯಿಯಾದರೆ ಹುಟ್ಟುವ ಮಗುವು ಕಡಿಮೆ ತೂಕದ್ದು, ಅದು ಬೆಳೆಯುವುದು ಕುಳ್ಳಾಗಿ. ಮೇಲೆ ಹೇಳಿದ ಸೋಲಿನ ಬೇರುಗಳಲ್ಲಿ ಇದೂ ಒಂದು. ಕರ್ನಾಟಕದ ಶಾಸನಸಭೆಯು ೨೦೧೬ರಲ್ಲಿ ಮಾಡಿದ ತಿದ್ದುಪಡಿಯ ಪ್ರಕಾರ ಇಂತಹ ವಿವಾಹವು ಮೊದಲಿನಿಂದಲೇ ಅಸಿಂಧುವು. ಜಾತ್ರೆ ಮಹೋತ್ಸವಗಳಲ್ಲಿ ಮಠದ ಚಪ್ಪರದ ಕೆಳಗೆ ಮಾಂಗಲ್ಯವನ್ನು ಕಟ್ಟಿಸುವಾಗ ವಧೂವರರ ವಯಸ್ಸಿನ ಕಾಗದವನ್ನು ವಿವಾಹದ ಹಿಂದಿನ ದಿನವಲ್ಲ, ಹೆಸರು ಬರೆಸುವ ದಿನವೇ ಕೇಳಿ ನೋಡಬೇಕು. ಕಡಿಮೆ ವಯಸ್ಸಿನವಳೆಂದು ಕಂಡುಬಂದ ಹುಡುಗಿಯನ್ನು ಸುಮ್ಮನೆ ಹಿಂದಕ್ಕೆ ಕಳುಹಿಸಿದರೆ ಆ ಮದುವೆಯು ಬೇರೊಂದು ಊರಿನ ಗುಡಿಯಲ್ಲಿ ನಡೆದುಹೋಗುವುದು. ಆದಕಾರಣ ಆ ವರ್ಷ ಆಕೆಯನ್ನು ಶಾಲೆಗೋ ಕಾಲೇಜಿಗೋ ಸೇರಿಸುವ ಖರ್ಚನ್ನು ಮಠವೇ ವಹಿಸಿಕೊಂಡು, ಮದುವೆಗೆಂದು ತೆಗೆದಿಟ್ಟ ಸೀರೆ ಮತ್ತು ಮಾಂಗಲ್ಯವನ್ನು ಆಕೆಯ ಹೆಸರಿನಲ್ಲಿಯೇ ಮಠದ ಉಗ್ರಾಣದಲ್ಲಿ ಕಾಯ್ದಿರಿಸುವುದು ಉಚಿತವು.